ಪಿಟ್ ಅನ್ನಬಾರದು

ಕ್ಷೌರದಂಗಡಿ ಕಾಮೆಂಟ್ರಿಗೆ ಕಾರ್ ಓಡಿಸೋಕೆ ಬರ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ಇಲ್ಲದಿದ್ರೆ ಅವನ ಮಾತು ಕೇಳಿದೋರು, ಇವನು ಹುಟ್ಟಿದ್ದೇ ಸ್ಟೇರಿಂಗ್ ಹಿಡ್ಕೊಂಡು ಅಂತ ತಿಳ್ಕೊಂಡುಬಿಡ್ತಾರೆ. ಲೈಸೆನ್ಸ್ ಪರೀಕ್ಷೆಗೆ ಹೋದಾಗಲೆಲ್ಲ ರಿವರ್ಸ್ ತಗೊಳ್ಳೋವಾಗ ಅದೇ ಕಂಬಕ್ಕೆ ಗುದ್ದಿ ಬರ್ತಿದ್ದ. ಕೊನೇ ಸಲ ಹೋದಾಗ ಇವನು ಬರೋದು ನೋಡಿ ಕಂಬಾನೇ ಎರಡು ಹೆಜ್ಜೆ ಪಕ್ಕಕ್ಕೆ ಸರೀತಂತೆ. ಆದ್ರೂ ಬಿಡ್ಲಿಲ್ಲ, ಹುಡುಕ್ಕೊಂಡು ಹೋಗಿ ಗುದ್ದಿದ.

ಮನೇಲಿ ಗಾಡಿ ಓಡಿಸ್ತಿದ್ದೋಳು ಅವನ ಹೆಂಡ್ತಿ. ಸಿಟಿ ಬಸ್ ಡ್ರೈವರ್. ದಿನಾ ಬೆಳಗ್ಗೆ ಅಷ್ಟುದ್ದದ ಬಸ್ಸನ್ನ ಸೂಜಿಗೆ ದಾರ ಪೋಣಿಸಿದ ಹಾಗೆ ಸಂದಿಗೊಂದಿಗಳಲ್ಲಿ ತೂರಿಸಿ, ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತ್ರೆ, ಗಂಡ ಶುರು ಮಾಡ್ಕೊಳ್ತಿದ್ದ. "ಇವತ್ತು ನೀನು ಅಂಗಡಿ ಮುಂದಿನ ತಿರುವು ತಗೊಂಡಿದ್ದು ಸ್ವಲ್ಪ ಅಗಲ ಆಯ್ತು ಕಣೇ. ಒಳಗಡೆಯಿಂದ ಬರಬೇಕಿತ್ತು."

"ಒಳಗಡೆಯಿಂದ ಬಂದಿದ್ರೆ ನಿಮ್ಮ ಅಂಗಡಿ ಕನ್ನಡಿ ಒಡೆದು ಆಚೆ ಹೋಗಬೇಕಿತ್ತು. ಸುಮ್ನೆ ಕೂತ್ಕೊಳ್ರಿ."

ಸುಮ್ನೆ ಕೂತ್ಕೊಳ್ಳೋದೊಂದು ಬಿಟ್ಟು ಬೇರೆಲ್ಲ ಬರ್ತಿತ್ತು ಅವನಿಗೆ. ಅಂಗಡೀಲಿ ಗೋಡೆ ಮೇಲೆ ಟಿವಿ ಹಾಕಿಸಿದ್ದ, ಅದರಲ್ಲಿ ಕಾರ್ ರೇಸು ಬಿಟ್ಟು ಬೇರೇನೂ ಬರ್ತಿರಲಿಲ್ಲ. ಟಿವೀಲಿ ಮಾತಾಡೋರ ಬಾಯಿ ಮುಚ್ಚಿಸಿ, ತಾನೇ ಮಾತಾಡ್ತಿದ್ದ. ಅದಕ್ಕೇ ಕಾಮೆಂಟ್ರಿ ಅನ್ನೋ ಹೆಸರು ಬಂದಿದ್ದು. ಗಡ್ಡ ಮಾಡಿಸ್ಕೊಳ್ಳೋಕೆ ಬಂದೋನು, ಕತ್ತಿ ಗಂಟಲ ಹತ್ರ ಇರೋವಾಗ ಏನು ಹೇಳಿದ್ರೂ ಹೂಂ ಅನ್ನಲೇಬೇಕಲ್ಲ, ಹಾಗಾಗಿ ಅವನ ಅಭಿಪ್ರಾಯಕ್ಕೆ ಆ ಬೀದೀಲಿ ಎದುರಾಡಿದೋರೇ ಇರಲಿಲ್ಲ.

ಅಭಿಪ್ರಾಯ ಅಂದ್ರೆ ಎಂಥವು! ಡ್ರೈವರ್ ಎಂಥೋನು ಅಂತ ತಿಳ್ಕೊಳ್ಳೋಕೆ ಅವನ ಕಾರ್ ನೋಡಬಾರದು, ನೆತ್ತಿ ನೋಡಬೇಕು ಅನ್ನೋದು ಅವನ ವಾದ. ನೆತ್ತಿ ಮೇಲಿನ ಸುಳಿ ಎಡಕ್ಕೆ ತಿರುಗಿದ್ರೆ ಎಡ ತಿರುವಿನಲ್ಲಿ ಹುಲಿ. ಬಲಕ್ಕೆ ತಿರುಗಿದ್ರೆ ಬಲ ತಿರುವಿನಲ್ಲಿ ಹುಲಿ. ಬೊಕ್ಕತಲೆ ಆಗಿದ್ರೆ? "ಗಾಳಿ ತಡೆಯೋದಿಲ್ಲ. ನೇರ ರಸ್ತೇಲಿ ಅವನನ್ನ ಹಿಡಿಯೋರಿಲ್ಲ," ಅಂತಿದ್ದ.

ಅವನಿಗೆ ಒಬ್ಬಳೇ ಮಗಳು. ಕರೆಯೋ ಹೆಸರು ಸ್ಪ್ಯಾನರ್. ಅಂಬೆಗಾಲಿಡೋ ವಯಸ್ಸಲ್ಲೇ ಅಂಗಡಿ ಕುರ್ಚಿಯ ಬೋಲ್ಟುಗಳನ್ನ ಬಿಚ್ಚಿಟ್ಟಿದ್ದಳು. ಅರ್ಧ ಗಡ್ಡ ಆಗಿದ್ದ ಗಿರಾಕಿ ಕುರ್ಚಿ ಸಮೇತ ನಿಧಾನಕ್ಕೆ ನೆಲಕ್ಕಿಳಿದ್ರೆ, ಅಪ್ಪ ಮಾತು ನಿಲ್ಲಿಸದೆ ತಾನೂ ಮಂಡಿಯೂರಿ ಕೂತು ಉಳಿದರ್ಧ ಮುಗಿಸಿದ. ಅದೇ ಹುಡುಗಿ ಬೆಳೆದು, ಮೆಕ್ಯಾನಿಕ್ ಕೆಲಸ ಕಲ್ತು, ಹಸಿರು ಟೀಮು ಅನ್ನೋ ರೇಸಿನ ಟೀಮಲ್ಲಿ ಸೇರ್ಕೊಂಡಳು. ಎರಡು ವರ್ಷ ಬರೀ ಟೈರು ಹೊರೋ ಕೆಲಸ. ಈ ಸಲ ಮೊದಲನೇ ಸಲ ರೇಸಿನ ಮಧ್ಯೆ ಚಕ್ರ ಮುಟ್ಟೋ ಅವಕಾಶ ಸಿಕ್ಕಿತ್ತು. ಹಿಂದಿನ ಬಲಗಡೆ ಚಕ್ರ. ಕಾರು ಬಂದು ನಿಂತ ತಕ್ಷಣ ಡ್ರಿಲ್ಲಿನಂಥ ಗನ್ನು ಒತ್ತಿ ನಟ್ಟು ಬಿಚ್ಚಬೇಕು, ಹೊಸ ಚಕ್ರ ಕೂತ ತಕ್ಷಣ ಒತ್ತಿ ಬಿಗಿಬೇಕು. ಕಣ್ಣು ಮಿಟುಕಿಸಿ ತೆಗೆಯೋದರೊಳಗೆ ಕಾರು ಹೋಗಿರಬೇಕು. ಭಾನುವಾರ ಸರಿಯಾಗಿ ಮಾಡಿದ್ರೆ ಆ ಜಾಗ ಅವಳದ್ದೇ. ಎಡವಿದ್ರೆ ಮತ್ತೆ ಟೈರು ಹೊರೋದು. ಅವಳ ಜಾಗಕ್ಕೆ ಇನ್ನೊಬ್ಬ ಕೈಗವಸು ಹಾಕ್ಕೊಂಡು ಕಾಯ್ತಾನೇ ಇದ್ದ.

ರೇಸಿಗೆ ಕೆಲವು ದಿನ ಮುಂಚೆ ಮಗಳು ಮನೆಗೆ ಬಂದು, ಕುತ್ತಿಗೆಗೆ ಹಾಕ್ಕೊಳ್ಳೋ ಎರಡು ಪಾಸು ಮೇಜಿನ ಮೇಲಿಟ್ಟಳು. "ಟೀಮಿನ ಶೆಡ್ಡಿನೊಳಗೇ ಬರಬಹುದು. ಆದ್ರೆ ಅಪ್ಪ, ಒಂದೇ ಮಾತು. ಅಲ್ಲಿ ನೀನು ಪಿಟ್ ಅನ್ನಬಾರದು."

ಈಗ, ಬೇರೆ ಯಾರ ಮನೇಲಾದ್ರೂ ಮಗಳು ಹೀಗಂದಿದ್ರೆ, ತುಟಿ ಬಿಚ್ಚಬೇಡ, ಉಸಿರೆತ್ತಬೇಡ ಅಂತ ಅರ್ಥ ಆಗ್ತಿತ್ತು. ಆದ್ರೆ ಕಾಮೆಂಟ್ರಿಯ ತಲೇಲಿ ಇದ್ದಿದ್ದೆಲ್ಲ ರೇಸು. ರೇಸಿನೋರ ಬಾಯಲ್ಲಿ ಪಿಟ್ ಅಂದ್ರೆ, ಓಡ್ತಿರೋ ಕಾರು ಟೈರು ಬದಲಾಯಿಸ್ಕೊಳ್ಳೋಕೆ ಬಂದು ನಿಲ್ಲೋ ಜಾಗ. ಯಾವ ಟೀಮು ಯಾವಾಗ ಪಿಟ್ಟಿಗೆ ಬರುತ್ತೆ ಅನ್ನೋದು ಗುಟ್ಟು. 'ಓಹೋ, ಆ ಪದ ಅಲ್ಲಿ ಬಾಯಿಗೆ ಬರಬಾರದು, ಕೇಳಿಸ್ಕೊಂಡುಬಿಡ್ತಾರೆ' ಅಂದ್ಕೊಂಡ.

"ಅಷ್ಟೇ ತಾನೇ? ಅನ್ನಲ್ಲ ಬಿಡು," ಅಂದ.

ಇಷ್ಟು ಬೇಗ ಒಪ್ಕೊಂಡಿದ್ದು ನೋಡಿ ಹೆಂಡ್ತಿಗೆ ಅನುಮಾನ ಬಂತು. "ನಿಮಗೆ ಜ್ವರ ಗಿರ ಬಂದಿಲ್ಲ ತಾನೇ?" ಅಂತ ಹಣೆ ಮುಟ್ಟಿ ನೋಡಿದಳು.

ಶುಕ್ರವಾರ ಗಂಡ ಹೆಂಡ್ತಿ ಇಬ್ಬರೂ ಟ್ರ್ಯಾಕಿಗೆ ಹೋದ್ರು. ಮೊದಲನೇ ಕಾರು ಮುಂದೆ ಹಾದುಹೋದಾಗ ಆದ ಸದ್ದಿಗೆ ಕಾಮೆಂಟ್ರಿಯ ಜೇಬಲ್ಲಿದ್ದ ಬಾಚಣಿಗೆಯ ಹಲ್ಲೆಲ್ಲ ಪಟಪಟ ಉದುರಿಹೋದವು. ಅವನೇನೂ ಬೇಜಾರು ಮಾಡ್ಕೊಳ್ಳಲಿಲ್ಲ, ಹಿಡಿ ಮಾತ್ರ ಎತ್ತಿ ಹಿಡ್ಕೊಂಡು ಅದನ್ನೇ ಮೈಕು ಮಾಡ್ಕೊಂಡ.

"ನೋಡಿ, ಶುಕ್ರವಾರದ ಪ್ರಾಕ್ಟೀಸ್ ಓಟ ಇದೆಯಲ್ಲ, ಇದು ಬರೀ ನೊರೆ ಹಚ್ಚೋದು," ಅಂತ ಪಕ್ಕದಲ್ಲಿ ನಿಂತಿದ್ದೋರಿಗೆ ಶುರು ಮಾಡಿದ. "ಶನಿವಾರ ಕತ್ತಿ ಮಸೆಯೋದು. ನಿಜವಾದ ಕ್ಷೌರ ಭಾನುವಾರ. ಇವತ್ತು ಮುಂದೆ ಬಂದೋನನ್ನ ನೋಡಿ ಕುಣಿಯೋರು ನೊರೆ ನೋಡಿ ನುಣ್ಣಗಾಯ್ತು ಅಂದ ಹಾಗೆ."

"ನೇರಳೆ ಟೀಮಿನೋನು ಚೆನ್ನಾಗಿ ಓಡಿಸ್ತಿದ್ದಾನಲ್ವಾ?" ಅಂದ ಒಬ್ಬ.

"ಅವನಾ? ಆಗಲೇ ಟೋಪಿ ತೆಗೆದಾಗ ನೋಡಿದೆ. ಸುಳಿ ನಟ್ಟನಡುವೆ ಇದೆ. ಇಂಥೋರು ನೆಟ್ಟಗೆ ಹೋಗ್ತಾರೆ, ತಿರುಗೋಕೆ ಬರಲ್ಲ. ಭಾನುವಾರ ಬೇಲಿ ಹಾರಿ ಹೊಲಕ್ಕೆ ಹೋಗ್ತಾನೆ, ಬರೆದಿಟ್ಕೊಳ್ಳಿ."

"ರೀ," ಅಂತ ಹೆಂಡ್ತಿ ಅಂಗಿ ಜಗ್ಗಿದಳು. "ಮಗಳು ಏನು ಹೇಳಿದ್ದಳು?"

"ಅಂದೆನಾ? ಆ ಪದ ಅಂದೆನಾ? ಇಲ್ವಲ್ಲ!"

ಯಾವ ಪದ ಅಂತ ಅವಳಿಗೆ ತಿಳೀಲಿಲ್ಲ. ಗಂಡನ ಮಾತಿನಲ್ಲಿ ಅರ್ಧ ತಿಳೀದೇ ಇರೋದು ಅವಳಿಗೆ ಹೊಸದೂ ಅಲ್ಲ, ಅಲ್ಲಿಗೇ ಬಿಟ್ಟಳು.

ಶನಿವಾರ ಕೆಟ್ಟಿತು. ಬೆಳಗ್ಗೆ ಶೆಡ್ಡಿನ ಮೂಲೇಲಿ ಕೂತಿದ್ದಾಗ, ಹಸಿರು ಟೀಮು ನಡೆಸೋ ಮೇಡಮ್ಮು ತನ್ನ ಡ್ರೈವರ್ ಹತ್ರ ಮಾತಾಡಿದ್ದು ಇವನ ಕಿವಿಗೆ ಬಿತ್ತು. ಒಂದೇ ಸಲ ಪಿಟ್ಟಿಗೆ ಬರೋದು, ಅದೂ ತಡವಾಗಿ. ಯಾಕಂದ್ರೆ ಟೈರು ಸವೀತಾ ಹೋಗುತ್ತೆ, ಬೇಗ ಬದಲಾಯಿಸ್ಕೊಂಡೋರದ್ದು ಕೊನೇ ಹೊತ್ತಿಗೆ ಬೋಳಾಗಿರುತ್ತೆ, ತಡವಾಗಿ ಹಾಕ್ಕೊಂಡೋರದ್ದು ಆಗ ಇನ್ನೂ ಹೊಸದಿರುತ್ತೆ. ಇಷ್ಟು ಕೇಳಿದ್ದೇ ತಡ, ಯಾರಿಗಾದ್ರೂ ಹೇಳದೆ ಕಾಮೆಂಟ್ರಿಗೆ ಕೂರೋಕಾಗಲಿಲ್ಲ. ಟೀ ಕುಡಿಯೋಕೆ ಅಂತ ಎದ್ದು ಹೋದ. ಅಲ್ಲಿ ಸಾಲಲ್ಲಿ ಮುಂದೆ ನಿಂತಿದ್ದೋನಿಗೆ ಪೊದೆಮೀಸೆ. ಅಂಥಾ ಮೀಸೆ ಕಂಡ್ರೆ ಯಾವ ಕ್ಷೌರಿಕ ಸುಮ್ನಿರ್ತಾನೆ?

"ಸ್ವಾಮಿ, ಎಡಗಡೆ ಒಂಚೂರು ಜಾಸ್ತಿ ಇದೆ. ಯಾರು ಕತ್ತರಿಸಿದ್ದು?"

"ನಾನೇ," ಅಂದ ಪೊದೆಮೀಸೆ.

"ಗೊತ್ತಾಗುತ್ತೆ ಬಿಡಿ."

ಅಲ್ಲಿಂದ ಮೀಸೆ ಬಿಟ್ಟು ರೇಸಿಗೆ ಬಂತು ಮಾತು, ನೊರೆ, ಕತ್ತಿ, ಭಾನುವಾರದ ಕ್ಷೌರ ಎಲ್ಲಾ ಆಯ್ತು. ಪೊದೆಮೀಸೆ ಬಲು ವಿನಯದೋನು, ಎಲ್ಲದಕ್ಕೂ "ಹೌದಾ? ಆಮೇಲೆ?" ಅಂತಿದ್ದ. ಇಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋನು ಕತ್ತಿ ಹಿಡೀದೇನೇ ಸಿಕ್ಕಿದ್ದು ಕಾಮೆಂಟ್ರಿಗೆ ಇದೇ ಮೊದಲು. "ನಮ್ಮ ಹಸಿರಿನೋರು ಬುದ್ಧಿವಂತರು ಸ್ವಾಮಿ. ಒಂದೇ ಒಂದು ಸಲ... ಅದೇ..." ಅಂತ ಬಾಯಿಗೆ ಬಂದ ಪದಾನ ಗಟಕ್ ಅಂತ ನುಂಗಿ, "ಬಸ್‌ಸ್ಟಾಪಿಗೆ ಬರ್ತಾರೆ. ಅದೂ ಎಲ್ಲರೂ ಬಂದುಹೋದ ಮೇಲೆ, ಕಡೇ ಬಸ್ಸು!" ಅಂದ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಕೊಂಡ. ಎರಡು ಟೀಗೂ ತಾನೇ ಕಾಸು ಕೊಟ್ಟ.

ಪೊದೆಮೀಸೆ ಹಳದಿ ಟೀಮಿನೋನು. ಹಸಿರು ಟೀಮಿಗೂ ಹಳದಿ ಟೀಮಿಗೂ ಹಾವು ಮುಂಗುಸಿ ಥರ.

ಸಾಯಂಕಾಲ ಹಳದಿ ಟೀಮಿನೋರು ಹಸಿರು ಶೆಡ್ಡಿನ ಮುಂದೆ ಹಾದುಹೋಗ್ತಾ, "ಏನ್ ಮೇಡಮ್, ಕಡೇ ಬಸ್ಸು ಎಷ್ಟು ಹೊತ್ತಿಗೆ?" ಅಂತ ನಕ್ಕೊಂಡು ಹೋದ್ರು. ಮೇಡಮ್ಮಿನ ಮುಖ ಕೆಂಡವಾಯ್ತು. ರೇಸಿನೋರು ಯಾರೂ ಬಸ್ಸು ಅನ್ನಲ್ಲ. ಇಡೀ ಶೆಡ್ಡಲ್ಲಿ ಬಸ್ಸಿನ ಸಂಬಂಧ ಇದ್ದೋರ ಮನೆ ಒಂದೇ.

ಸ್ಪ್ಯಾನರ್ ಅಪ್ಪನನ್ನ ಟೈರಿನ ರಾಶಿ ಹಿಂದಕ್ಕೆ ಎಳ್ಕೊಂಡು ಹೋದಳು. "ಪಿಟ್ ಅನ್ನಬೇಡ ಅಂದಿದ್ದೆ ತಾನೇ!"

"ನಿನ್ನಾಣೆ, ಒಂದು ಸಲಾನೂ ಅನ್ನಲಿಲ್ಲ! ಬಸ್‌ಸ್ಟಾಪ್ ಅಂದೆ!"

ಹಿಂದೇನೇ ಬಂದಿದ್ದ ಅಮ್ಮ ತಲೆ ಚಚ್ಕೊಂಡಳು. "ಅಯ್ಯೋ ದೇವ್ರೇ! ಪಿಟ್ ಅನ್ನಬಾರದು ಅಂದ್ರೆ ಮಾತೇ ಆಡಬಾರದು ಅಂತ ಕಣ್ರಿ! ನಾನು ದಿನಾ ಮಕ್ಕಳಿಗೆ ಬಸ್ಸಲ್ಲಿ ಹೇಳಲ್ವಾ?"

ಕಾಮೆಂಟ್ರಿಗೆ ಆಗ ಹೊಳೀತು. ಹೊಳೆದದ್ದು ಮುಖದಲ್ಲೂ ಕಾಣಿಸ್ತು, ಮೇಲಿಂದ ಕೆಳಗೆ, ಪರದೆ ಇಳಿದ ಹಾಗೆ. "ನಾನು... ಆ ಪಿಟ್ ಅಂದ್ಕೊಂಡೆ ಕಣಮ್ಮ."

"ನಿಂಗೆ ಬೇಕಾದ ಹಾಗೆ ಅಂದ್ಕೊಂಡೆ ಅಪ್ಪ," ಅಂದಳು ಮಗಳು. ಜೋರಾಗೇನೂ ಹೇಳಲಿಲ್ಲ. ಜೋರಾಗಿ ಹೇಳಿದ್ರೇ ಎಷ್ಟೋ ವಾಸಿ ಇತ್ತು.

ಮೇಡಮ್ಮು ಬಂದ್ರು. "ನಿಮ್ಮಪ್ಪ ನಾಳೆ ಇಲ್ಲಿಗೆ ಬರೋದು ಬೇಡ."

"ಮೇಡಮ್, ಹೊರಗೆ ಬಿಟ್ರೆ ರೇಸು ನೋಡೋಕೆ ಬಂದೋರಿಗೆಲ್ಲ ಹೇಳ್ತಾರೆ," ಅಂದಳು ಸ್ಪ್ಯಾನರ್. "ಎದುರಿಗಿರಲಿ. ಶೆಡ್ಡಿನ ಮೇಲೆ ಅತಿಥಿಗಳು ಕೂರೋ ಮಹಡೀಲಿ ಕೂರಿಸಿ, ಕೆಳಗಿಂದ ಕಾಣ್ತಾರೆ. ಅವರು ಬಾಯಿ ತೆಗೆದ್ರೆ ನಾನು ಗನ್ನು ಕೆಳಗಿಡ್ತೀನಿ."

ಮೇಡಮ್ಮು ಕಾಮೆಂಟ್ರಿಯನ್ನ ತಲೆಯಿಂದ ಕಾಲಿನ ತನಕ ನೋಡಿದ್ರು. "ಸರಿ. ಒಂದು ಮಾತು ಆಚೆ ಬಂದ್ರೂ ಚಕ್ರಕ್ಕೆ ಬೇರೆಯೋನು ಕೂರ್ತಾನೆ. ಯಜಮಾನ್ರೇ, ಕೇಳಿಸ್ತಾ?"

ಕಾಮೆಂಟ್ರಿ ಕೇಳಿಸ್ತು ಅನ್ನೋಕೆ ಹೋಗಿ, ತಡೆದು, ತಲೆ ಅಲ್ಲಾಡಿಸಿದ.

ಭಾನುವಾರ ಅಂತ ಒಂದು ದಿನ ಅಷ್ಟು ಉದ್ದ ಇರುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ. ಮಹಡೀಲಿ ಎಲ್ಲಾ ಟೀಮಿನ ನೆಂಟರಿಷ್ಟರೂ ಕೂತಿದ್ರು. ಇವನ ಬಾಯಿ ತುಂಬ ಆಡದೇ ಇರೋ ಮಾತು, ಕಿವಿ ತುಂಬ ಅವರಾಡೋ ತಪ್ಪು. ಹಿಂದಿನ ಸಾಲಿನ ಅಜ್ಜಿ ಒಬ್ಬಳು, "ಹಿಂದೆ ಇರೋ ಕಾರೇ ಗೆಲ್ಲೋದು ಅಲ್ವೇನೋ, ಅದು ಎಲ್ಲರನ್ನೂ ಓಡಿಸ್ತಿದೆ," ಅಂದಳು. ಕಾಮೆಂಟ್ರಿಗೆ ಹಲ್ಲು ಜುಮ್ಮಂತು. ಹೇಳಬೇಕಾದ ಮಾತೆಲ್ಲ ಒಳಗೇ ಉಳಿದು ಹೊಟ್ಟೆ ಉಬ್ಬಿ, ಅಂಗಿಯ ಒಂದು ಗುಂಡಿ ಚಿಮ್ಮಿ ಹೋಗಿ ಅಜ್ಜಿಯ ಲೋಟದಲ್ಲಿ ಬಿತ್ತು. ಹೆಂಡ್ತಿ ಪಕ್ಕದಲ್ಲೇ ಕೂತು, ಅವನ ಮೊಣಕೈ ಹಿಡ್ಕೊಂಡಿದ್ದಳು, ಹ್ಯಾಂಡ್‌ಬ್ರೇಕ್ ಹಿಡ್ಕೊಂಡ ಹಾಗೆ.

ರೇಸು ಶುರುವಾಯ್ತು. ನೇರಳೆ ಮುಂದೆ, ಇನ್ನೊಂದ್ಯಾವುದೋ ಬಿಳಿ ಕಾರು ಎರಡನೇದು, ಹಳದಿ ಮೂರನೇದು, ಅದರ ಬಾಲ ಹಿಡ್ಕೊಂಡೇ ಹಸಿರು. ಅರ್ಧ ಓಟ ಆಗೋ ಹೊತ್ತಿಗೆ ಯಾರೋ ಬಂದು ಇವನ ಇನ್ನೊಂದು ಪಕ್ಕದಲ್ಲಿ ಕೂತ್ರು. ನೋಡಿದ್ರೆ ಪೊದೆಮೀಸೆ. ಎಡಗಡೆ ಕತ್ತರಿಸ್ಕೊಂಡು ಬಂದಿದ್ದ, ಈಗ ಬಲಗಡೆ ಜಾಸ್ತಿಯಾಗಿತ್ತು. ಕೈಯಲ್ಲೊಂದು ಸಣ್ಣ ವೈರ್‌ಲೆಸ್ಸು.

"ಏನ್ ಸ್ವಾಮಿ, ಹೇಗಿದೆ ಇವತ್ತಿನ ಕ್ಷೌರ?"

ಕಾಮೆಂಟ್ರಿ ಕೆಳಗೆ ನೋಡಿದ. ಶೆಡ್ಡಿನ ಬಾಗಿಲಲ್ಲಿ ಹೆಲ್ಮೆಟ್ ಹಾಕ್ಕೊಂಡು, ಗನ್ನು ತೊಡೆ ಮೇಲಿಟ್ಕೊಂಡು ಮಗಳು ಕೂತಿದ್ದಳು. ಅವಳ ಹಿಂದೆ ಕೈಗವಸಿನೋನು ನಿಂತಿದ್ದ. ಇಬ್ಬರೂ ಮೇಲಕ್ಕೇ ನೋಡ್ತಿದ್ರು.

"ಕಡೇ ಬಸ್ಸೇ ತಾನೇ? ಪ್ಲಾನು ಬದಲಾಯ್ತಾ?" ಅಂದ ಪೊದೆಮೀಸೆ.

ಕಾಮೆಂಟ್ರಿ ತುಟಿ ಒಳಕ್ಕೆಳೆದು ಕಚ್ಕೊಂಡ.

"ಹೋಗಲಿ, ನಮ್ಮ ಡ್ರೈವರ್ ಬಗ್ಗೆನಾದ್ರೂ ಹೇಳಿ. ಎಲ್ಲಾ ತಿರುವಿನಲ್ಲೂ ಅಗಲ ಹೋಗ್ತಿದ್ದಾನೆ ಅನ್ಸುತ್ತೆ."

ಇದು ಅನ್ಯಾಯ. ಹಳದಿಯೋನು ಅಗಲ ಹೋಗ್ತಿದ್ದಿದ್ದು ನಿಜ, ಅದರ ಬಗ್ಗೆ ಕಾಮೆಂಟ್ರಿ ಹತ್ರ ಒಂದು ಇಡೀ ಭಾಷಣಾನೇ ಇತ್ತು. ಮಾತು ಗಂಟಲ ತನಕ ಬಂತು. ನಾಲಿಗೆ ತುದೀಲಿ ನಿಂತು ಬಾಗಿಲು ತಟ್ಟಿತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಬಾಯಿಗೆ ತುರುಕ್ಕೊಂಡ. ಕಣ್ಣಲ್ಲಿ ನೀರು ಬಂತು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗ್ತು.

ಪೊದೆಮೀಸೆಯ ನಗು ನಿಂತುಹೋಯ್ತು. ನಿನ್ನೆ ಟೀ ಸಾಲಲ್ಲಿ ಕೇಳದೇ ಇದ್ದಿದ್ದನ್ನೂ ಹೇಳಿದೋನು ಇವತ್ತು ಬಾಯಿಗೆ ಬಟ್ಟೆ ತುರುಕ್ಕೊಂಡು ಅಳ್ತಾ ಕೂತಿದ್ದಾನೆ ಅಂದ್ರೆ? ಏನೋ ಇದೆ. ದೊಡ್ಡದೇನೋ ಇದೆ. ಅದೂ ಇನ್ನೇನು ಆಗೋದ್ರಲ್ಲಿದೆ. ಅವನು ಕಾಮೆಂಟ್ರಿಯ ಮುಖ ನೋಡಿದ, ಕೆಳಗೆ ಗನ್ನು ಹಿಡ್ಕೊಂಡು ಕೂತೋಳನ್ನ ನೋಡಿದ, ವೈರ್‌ಲೆಸ್ಸು ಬಾಯಿಗಿಟ್ಕೊಂಡ. "ಹಸಿರಿನೋರು ಈಗಲೇ ಒಳಗೆ ಬರ್ತಿದ್ದಾರೆ! ಪ್ಲಾನು ಬದಲಾಗಿದೆ! ಅವರು ಮೊದಲು ಹೊಸ ಟೈರು ಹಾಕ್ಕೊಂಡ್ರೆ ನಮ್ಮನ್ನ ದಾಟಿಬಿಡ್ತಾರೆ, ಅದಕ್ಕಿಂತ ಮುಂಚೆ ನಮ್ಮ ಕಾರು ಕರೀರಿ, ಬೇಗ!"

ಹಳದಿ ಕಾರು ಸರಕ್ಕಂತ ಒಳಗೆ ಬಂತು. ಟೈರು ಬದಲಾಯಿಸ್ಕೊಂಡು ಹೋಯ್ತು. ಹಸಿರು ಕಾರು ಬರಲೇ ಇಲ್ಲ. ಒಂದು ಸುತ್ತು ಆಯ್ತು, ಇನ್ನೊಂದಾಯ್ತು, ಬರಲಿಲ್ಲ. ಪೊದೆಮೀಸೆ ಇವನ ಕಡೆ ತಿರುಗಿದ. "ಏನ್ರೀ ಇದು?"

ಕಾಮೆಂಟ್ರಿಗೆ ಏನಾಯ್ತು ಅಂತಾನೇ ತಿಳೀಲಿಲ್ಲ. ಟವೆಲ್ ಹಿಂದಿನಿಂದ "ಮ್ಮ್?" ಅನ್ನೋ ಸದ್ದು ಹೊರಟಿತು, ಹೆಂಡ್ತಿ ಹ್ಯಾಂಡ್‌ಬ್ರೇಕ್ ಎಳೆದಳು.

ಎಷ್ಟೋ ಹೊತ್ತಾದ ಮೇಲೆ ಮೇಡಮ್ಮು ಕೈ ಎತ್ತಿದ್ರು. ಕೆಳಗೆ ಎಲ್ಲರೂ ಎದ್ದು ಓಡಿ ತಮ್ಮ ತಮ್ಮ ಜಾಗದಲ್ಲಿ ಮಂಡಿಯೂರಿದ್ರು. ಹಸಿರು ಕಾರು ಬಂದು ಗಕ್ಕಂತ ನಿಂತಿತು. ಕಾಮೆಂಟ್ರಿಗೆ ಕಾರು ಕಾಣಲಿಲ್ಲ, ಹಿಂದಿನ ಬಲಗಡೆ ಚಕ್ರ ಮಾತ್ರ ಕಾಣಿಸ್ತು. ಗನ್ನು ಒತ್ತಿದ್ದು, ಹಳೇ ಚಕ್ರ ಆಚೆ ಬಂದಿದ್ದು, ಹೊಸದು ಒಳಗೆ ಹೋಗಿದ್ದು. ಮತ್ತೆ ಗನ್ನು ಇಟ್ಟಳು. ನಟ್ಟು ಕೂರಲಿಲ್ಲ! ಬೇರೆ ಮೂರು ಚಕ್ರದೋರೂ ಮುಗೀತು ಅಂತ ಕೈ ಎತ್ತಿಬಿಟ್ಟಿದ್ರು. ಕೈಗವಸಿನೋನು ಒಂದು ಹೆಜ್ಜೆ ಮುಂದೆ ಇಟ್ಟ. 'ಹಿಂದಕ್ಕೆ ತಗೋ ಮಗಳೇ, ನೆಟ್ಟಗಿಡು!' ಅಂತ ಕಾಮೆಂಟ್ರಿಯ ಜೀವವೆಲ್ಲ ಕೂಗ್ತಿತ್ತು. ಅವನು ಎದ್ದು ನಿಂತಿದ್ದ, ಕಟಕಟೆ ಹಿಡ್ಕೊಂಡಿದ್ದ, ಟವೆಲ್ ಕಚ್ಚಿದ್ದ ಹಲ್ಲು ಬಿಡಲಿಲ್ಲ. ಸ್ಪ್ಯಾನರ್ ಯಾರ ಕಡೇನೂ ನೋಡಲಿಲ್ಲ. ಗನ್ನನ್ನ ಒಂದು ಬೆರಳಿನಷ್ಟು ಹಿಂದಕ್ಕೆ ತಗೊಂಡು, ಮತ್ತೆ ನೆಟ್ಟಗೆ ಇಟ್ಟು ಒತ್ತಿದಳು. ಗರ್ರ್ ಅಂತ ಬಿಗೀತು. ಕೈ ಎತ್ತಿದಳು. ಕಾರು ಹಾರಿಹೋಯ್ತು.

ಆಮೇಲೆ ಆಗಿದ್ದನ್ನ ಆ ಅಜ್ಜಿ ಕೂಡ ಸರಿಯಾಗಿ ಹೇಳ್ತಾಳೆ. ಆತುರಕ್ಕೆ ಬಿದ್ದು ಬೇಗ ಹಾಕ್ಕೊಂಡ ಹಳದಿಯೋನ ಟೈರು ಕೊನೆ ಕೊನೆಗೆ ಸೋಪಿನ ಬಿಲ್ಲೆ ಥರ ಜಾರೋಕೆ ಶುರುವಾಯ್ತು. ಹಸಿರಿನೋನು ಹೊಸ ಟೈರಲ್ಲಿ ಸುತ್ತು ಸುತ್ತಿಗೂ ಹತ್ರ ಬಂದು, ಕಡೇ ಸುತ್ತಿನ ತಿರುವಿನಲ್ಲಿ ಹಳದಿಯೋನು ಅಗಲ ಹೋದಾಗ ಒಳಗಡೆಯಿಂದ ನುಗ್ಗಿ ಮುಂದೆ ಬಂದ. ಮೂರನೇ ಸ್ಥಾನ! ಹಸಿರು ಟೀಮಿನೋರು ಇಷ್ಟು ವರ್ಷದಲ್ಲಿ ಗೆದ್ದೋರ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಗೆದ್ದಿದ್ದು ನೇರಳೆ ಟೀಮಿನೋನು, ಬೇಲಿ ಹಾರದೇನೇ.

ಪೊದೆಮೀಸೆ ಎದ್ದು ನಿಂತ. "ಸ್ವಾಮಿ, ಈಗಲಾದ್ರೂ ಹೇಳಿ. ಏನು ಗುಟ್ಟು ಮುಚ್ಚಿಟ್ಟಿದ್ರಿ?"

ಕಾಮೆಂಟ್ರಿ ಬಾಯಿಂದ ಟವೆಲ್ ಎಳೆದ. ಎಳೆದಷ್ಟೂ ಬರ್ತಾನೇ ಇತ್ತು. "ಏನೂ ಇಲ್ಲ ಸ್ವಾಮಿ. ನಂಗೇನೂ ಗೊತ್ತೇ ಇರಲಿಲ್ಲ. ನಿಮ್ಮ ಡ್ರೈವರ್ ಬಗ್ಗೆ ಹೇಳಬೇಕು ಅಂತಿದ್ದೆ, ಅಷ್ಟೇ. ಅಗಲ ಹೋಗ್ತಾನೆ."

ಪೊದೆಮೀಸೆ ವೈರ್‌ಲೆಸ್ಸಿನ ಕಡೆ ನೋಡಿದ. ಅದರೊಳಗಿಂದ ಯಾರೋ ಅವನ ಹೆಸರು ಹಿಡಿದು ಕಿರುಚ್ತಿದ್ರು. ಅವನು ಅದನ್ನ ಜೇಬಿಗಿಟ್ಕೊಂಡು ಮೆಟ್ಟಿಲಿಳಿದು ಹೋದ.

ಕೆಳಗೆ ಹೋದ್ರೆ ಹಸಿರು ಶೆಡ್ಡು ಸಂತೆ ಆಗಿತ್ತು. ಮೇಡಮ್ಮು ಸ್ಪ್ಯಾನರ್ ಹೆಗಲ ಮೇಲೆ ಕೈ ಹಾಕ್ಕೊಂಡು ಇವರ ಹತ್ರಾನೇ ಬಂದ್ರು. "ಆ ನಟ್ಟು ಕೂರದೇ ಇದ್ದಾಗ ಬೇರೆಯೋರಾಗಿದ್ರೆ ಗಾಬರಿ ಬಿದ್ದು ಅಲ್ಲೇ ಒತ್ತಿಬಿಡೋರು, ಚಕ್ರ ಹಾರಿಹೋಗ್ತಿತ್ತು. ಇನ್ಮೇಲೆ ಆ ಚಕ್ರ ಇವಳದ್ದೇ," ಅಂದ್ರು. ಆಮೇಲೆ ಕಾಮೆಂಟ್ರಿ ಕಡೆ ತಿರುಗಿ, "ಯಜಮಾನ್ರೇ, ಹಳದಿಯೋರು ಯಾಕೆ ಅಷ್ಟು ಬೇಗ ಒಳಗೆ ಬಂದ್ರು ಅಂತ ಈಗಷ್ಟೇ ಗೊತ್ತಾಯ್ತು. ಮುಂದಿನ ರೇಸಿಗೂ ಬನ್ನಿ. ಟವೆಲ್ ತನ್ನಿ. ಈಗ ಹೇಳಿ, ಹೇಗಿತ್ತು ಇವತ್ತಿನ ರೇಸು?"

ಇಡೀ ಶೆಡ್ಡು ಇವನ ಕಡೆ ತಿರುಗ್ತು. ಜೀವಮಾನದಲ್ಲಿ ಮೊದಲನೇ ಸಲ, ಗಂಟಲ ಮೇಲೆ ಕತ್ತಿ ಇಲ್ಲದೇ ಇರೋರು, ಗುಟ್ಟು ಕೀಳೋ ಆಸೇನೂ ಇಲ್ಲದೋರು ಅವನ ಅಭಿಪ್ರಾಯ ಕೇಳಿದ್ರು. ಅವನ ಹತ್ರ ಮೂರು ದಿನದ್ದು ಸೇರಿಸಿ ಒಂದು ಗೋಡೌನು ತುಂಬೋಷ್ಟಿತ್ತು. ಕಾಮೆಂಟ್ರಿ ಉಸಿರೆಳ್ಕೊಂಡ. ಮಗಳ ಮುಖ ನೋಡಿದ. ಗ್ರೀಸು ಬಳ್ಕೊಂಡ ಆ ಮುಖ ಹೊಳೀತಿತ್ತು, ತುಟಿ ಏನೋ ಹೇಳೋಕೆ ಒದ್ದಾಡ್ತಿತ್ತು. ಆ ಒದ್ದಾಟ ಅವನಿಗೆ ಚೆನ್ನಾಗಿ ಗೊತ್ತು.

"ಅವಳನ್ನ ಕೇಳಿ ಮೇಡಮ್," ಅಂದ. "ಚಕ್ರ ಹಾಕಿದೋಳು ಅವಳು."

ಅಷ್ಟೇ ಸಾಕಾಯ್ತು ಸ್ಪ್ಯಾನರಿಗೆ. ಶುರು ಮಾಡಿದಳು ನೋಡಿ! ನಟ್ಟು ಯಾಕೆ ಕೂರಲಿಲ್ಲ, ಮುಂದಿನ ಚಕ್ರದೋನು ಎಲ್ಲಿ ತಡ ಮಾಡಿದ, ನೇರಳೆಯೋರ ಗನ್ನಿನ ಸದ್ದು ಯಾಕೆ ಬೇರೆ, ಮುಂದಿನ ರೇಸಲ್ಲಿ ಯಾರು ಗೆಲ್ತಾರೆ, ಯಾರು ಗೆಲ್ಲೋದಿಲ್ಲ, ಕೈ ಆಡಿಸ್ತಾ, ಉಸಿರು ತಗೊಳ್ಳದೇ. ಮೇಡಮ್ಮು ಹೂಂ ಅಂದ್ರು, ಕೈಗವಸಿನೋನು ಹೂಂ ಅಂದ, ಡ್ರೈವರ್ ಕೂಡ ಹೂಂ ಅಂದ. ಅವಳ ಕೈಯಲ್ಲಿ ಇನ್ನೂ ಗನ್ನು ಇತ್ತಲ್ಲ.

"ಹೋಯ್ತು," ಅಂದಳು ಹೆಂಡ್ತಿ. "ಮನೇಲಿ ಇನ್ನು ಎರಡು ಕಾಮೆಂಟ್ರಿ."

ಕಾಮೆಂಟ್ರಿ ಒಂದು ಟೈರಿನ ಮೇಲೆ ಆರಾಮಾಗಿ ಕೂತ್ಕೊಂಡು, ಕಿವಿ ಅಗಲ ಮಾಡ್ಕೊಂಡು, "ಹೌದಾ? ಆಮೇಲೆ?" ಅಂದ.